ಕಪಿಚೇಷ್ಟೆ ಯಾರದ್ದು?

ಮೊನ್ನೆ ಗೆಳೆಯರೊಬ್ಬರು ಇಂಗ್ಲಿಷಿನ 'ಮಂಕಿ ಬಿಸಿನೆಸ್' ಅನ್ನೋ ಮಾತಿಗೆ ಕನ್ನಡದಲ್ಲಿ ಏನಂತಾರೆ ಅಂತ ಕೇಳಿದರು. ಹೊಸಪೇಟೆ ಕಡೆಯವರನ್ನ ಈ ಪ್ರಶ್ನೆ ಕೇಳಿದರೆ ಉತ್ತರಕ್ಕೆ ತಡಕಾಡಬೇಕಾಗಿಲ್ಲ ಬಿಡಿ. ಕಪಿಚೇಷ್ಟೆ, ಕೋತಿಚೇಷ್ಟೆ, ಮಂಗಾಟ, ಮಂಗ್ಯಾನಾಟ... ಬೇಕಾದ್ದು ಆರಿಸಿಕೊಳ್ಳಬಹುದು. ಕಿಷ್ಕಿಂಧೆಯೇ ಪಕ್ಕದಲ್ಲಿರುವಾಗ ಮಾತಿಗೇನು ಬರ? :-) ಆದರೆ ಉತ್ತರ ಹೇಳಿದ ಮೇಲೆ ಈ ಪದಗಳು ತಲೆಯಲ್ಲಿ ಕೊರೆಯೋಕೆ ಶುರು ಮಾಡಿದವು. ಅದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು ಇಂಗ್ಲಿಷಿನ ಕತೆ. 'ಮಂಕಿ' ಆ ಭಾಷೆಗೆ ತೀರಾ ಹಳೆಯ ಪದವೇನಲ್ಲ, 16ನೇ ಶತಮಾನದಲ್ಲಿ ಬಂದದ್ದು. ಅದಕ್ಕೂ ಮುಂಚೆ ಬಾಲ ಇದ್ದದ್ದಕ್ಕೂ ಇಲ್ಲದ್ದಕ್ಕೂ 'ಏಪ್' ಅನ್ನೋ ಒಂದೇ ಹೆಸರು ನಡೆಯುತ್ತಿತ್ತು. 1498ರಲ್ಲಿ ಜರ್ಮನಿಯ ಲ್ಯೂಬೆಕ್ ಊರಿನಲ್ಲಿ ಅಚ್ಚಾದ ನರಿಯ ಕತೆಯೊಂದರಲ್ಲಿ ಮಾರ್ಟಿನ್ ಎಂಬ ಕೋತಿಯ ಮಗನ ಹೆಸರು ಮೊನೆಕೆ. ಮಂಕಿ ಅಲ್ಲಿಂದ ಬಂದಿರಬಹುದು ಅಂತ ಒಂದು ಊಹೆ. 'ಮಂಕಿ ಬಿಸಿನೆಸ್' ಮಾತ್ರ ಅಮೆರಿಕದ ಕೂಸು, 1880ರ ದಶಕದಲ್ಲಿ ಅಚ್ಚಿನಲ್ಲಿ ಕಾಣಿಸಿಕೊಂಡದ್ದು. ಮೊದಲ ಅರ್ಥ ತುಂಟಾಟ, ಕಿತಾಪತಿ. ಇನ್ನೊಂದು ಅರ್ಥವೂ ಇದೆ: ಕಳ್ಳ ವ್ಯವಹಾರ, ಒಳಗೊಳಗೇ ನಡೆಯೋ ಮಸಲತ್ತು. ಈ ಎರಡನೆಯ ಅರ್ಥ ನೆನಪಿರಲಿ, ಮುಂದೆ ಬೇಕಾಗುತ್ತೆ.

ಇದೇ ಹೆಸರಿನ ಸಿನಿಮಾಗಳೂ ಬಂದಿವೆ. 1931ರದ್ದು ಮಾರ್ಕ್ಸ್ ಸಹೋದರರದ್ದು. 1952ರದ್ದು ಕ್ಯಾರಿ ಗ್ರಾಂಟ್ ಅಭಿನಯದ್ದು. ಎರಡನೆಯದರಲ್ಲಿ ಪ್ರಯೋಗಾಲಯದ ಚಿಂಪಾಂಜಿಯೊಂದು ಏನೇನೋ ಬೆರೆಸಿ ಕುಡಿಯೋ ನೀರಿಗೆ ಸುರಿದುಬಿಡುತ್ತೆ. ಆ ನೀರು ಕುಡಿದು ಹುಡುಗಾಟಕ್ಕೆ ಇಳಿಯುವವರು ಮಾತ್ರ ದೊಡ್ಡ ದೊಡ್ಡ ಮನುಷ್ಯರೇ!

ಈಗ ನಮ್ಮ ಪದ. ಕಪಿ ಸಂಸ್ಕೃತದ್ದು, ಚೇಷ್ಟೆಯೂ ಅಲ್ಲಿಯದೇ. ಸಂಸ್ಕೃತದಲ್ಲಿ ಚೇಷ್ಟೆ ಅಂದರೆ ಚಲನೆ, ಕೆಲಸ, ನಡವಳಿಕೆ ಅಷ್ಟೇ. ಅದರಲ್ಲಿ ಬೈಗುಳ ಇಲ್ಲ. ಕನ್ನಡಕ್ಕೆ ಬಂದು ಬಳಕೆಯಲ್ಲಿ ಸವೆದು ಅದು ತುಂಟತನವಾಯಿತು. ಅಂದರೆ ಅಕ್ಷರಶಃ ನೋಡಿದರೆ ಕಪಿಚೇಷ್ಟೆ ಅಂದರೆ 'ಕಪಿ ಮಾಡುವ ಕೆಲಸ'. ಕಪಿ ಕಪಿಯ ಕೆಲಸ ಮಾಡದೆ ಇನ್ಯಾರ ಕೆಲಸ ಮಾಡಬೇಕು?

ವಾಲ್ಮೀಕಿಗೂ ಇದು ಗೊತ್ತಿತ್ತು. ಸುಂದರಕಾಂಡದಲ್ಲಿ ಹನುಮಂತ ಮಂಡೋದರಿಯನ್ನ ನೋಡಿ ಸೀತೆಯೇ ಸಿಕ್ಕಳು ಅಂತ ತಿಳಿದು ಕುಣಿದಾಡುತ್ತಾನೆ. ತನ್ನ ಬಾಲಕ್ಕೆ ತಾನೇ ಮುತ್ತಿಡುತ್ತಾನೆ, ಕಂಬ ಹತ್ತುತ್ತಾನೆ, ನೆಲಕ್ಕೆ ಜಿಗಿಯುತ್ತಾನೆ. ಅದು ಕಪಿಗಳ ಸ್ವಭಾವ ಅಂತ ಕವಿ ಹೇಳುತ್ತಾನೆಯೇ ಹೊರತು ಬೈಯುವುದಿಲ್ಲ. ಆಮೇಲೆ ಸೀತೆಯ ಸುಳಿವು ಸಿಕ್ಕ ಖುಷಿಯಲ್ಲಿ ವಾನರರು ಸುಗ್ರೀವನ ಮಧುವನಕ್ಕೆ ನುಗ್ಗಿ ಜೇನು ಕುಡಿದು ತೋಟ ಹಾಳು ಮಾಡುತ್ತಾರೆ. ಕಾವಲಿನ ದಧಿಮುಖ ದೂರು ತಂದರೆ ಸುಗ್ರೀವನಿಗೆ ಸಿಟ್ಟೇ ಬರುವುದಿಲ್ಲ. ಹೋದ ಕೆಲಸ ಗೆದ್ದಿರಬೇಕು, ಅದಕ್ಕೇ ಇಷ್ಟು ಧೈರ್ಯ ಅಂತ ಅರ್ಥ ಮಾಡಿಕೊಳ್ಳುತ್ತಾನೆ.

ಆ ಸುಗ್ರೀವನ ಊರು ಇದೇ ಅಂತ ನಮ್ಮ ಕಡೆಯ ನಂಬಿಕೆ. ಹೊಳೆಯಾಚೆ ಆನೆಗೊಂದಿ, ಅಂಜನಾದ್ರಿ. ಈಚೆ ಮಾತಂಗ ಪರ್ವತ, ಮಾಲ್ಯವಂತ. 15ನೇ ಶತಮಾನದ ಹಜಾರರಾಮ ಗುಡಿಯ ಗೋಡೆ ತುಂಬ ರಾಮಾಯಣದ ಸಾಲುಗಳು, ಅವುಗಳಲ್ಲಿ ವಾನರರು. ಚಕ್ರತೀರ್ಥದ ಹತ್ತಿರ ವ್ಯಾಸರಾಯರು ಪ್ರತಿಷ್ಠಾಪಿಸಿದರೆಂದು ಹೇಳುವ ಯಂತ್ರೋದ್ಧಾರಕ ಆಂಜನೇಯ. ಗುಡಿಯೊಳಗೆ ಕೈ ಮುಗಿದು ಹೊರಗೆ ಬಂದ ಕೂಡಲೆ ಮಗನಿಗೆ 'ಏ ಮಂಗ್ಯಾ, ಸುಮ್ನಿರು' ಅನ್ನೋರು ನಾವೇ!

ಇನ್ನು ಹಂಪಿಯ ನಿಜವಾದ ಕೋತಿಗಳು. ಇಲ್ಲಿ ಎರಡು ಜಾತಿ. ಕಪ್ಪು ಮುಖದ ಉದ್ದ ಬಾಲದ ಮುಸುವ ಒಂದು. ತಲೆ ಮೇಲೆ ಬೈತಲೆ ತೆಗೆದು ಟೋಪಿ ಇಟ್ಟಂತೆ ಕೂದಲಿರುವ ಮಂಗ ಇನ್ನೊಂದು. ಈ ಎರಡನೆಯದು ದಕ್ಷಿಣ ಭಾರತ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಸಹಜವಾಗಿ ಇಲ್ಲ. 1565ರಲ್ಲಿ ವಿಜಯನಗರ ಹಾಳುಬಿದ್ದ ಮೇಲೆ ಆ ಗೋಪುರ, ಮಂಟಪ, ಕಂಬಗಳ ಮೇಲೆಲ್ಲ ಇವೇ ಕೂತಿವೆ, ಜಿಗಿದಿವೆ, ಮರಿ ಸಾಕಿವೆ. ಪ್ರವಾಸಿಗರ ಕೈಯ ಬಾಳೆಹಣ್ಣು, ಕನ್ನಡಕ, ಚೀಲ ಕಿತ್ತುಕೊಂಡದ್ದೂ ಉಂಟು. ಆದರೆ ಗುಂಪು ಕಟ್ಟಿಕೊಂಡು ಒಂದು ಕಂಬಕ್ಕೆ ಹೆಗಲು ಕೊಟ್ಟು ಕೆಡವಿದ ಮಂಗಗಳನ್ನ ಯಾರಾದರೂ ನೋಡಿದ್ದೀರಾ?

ಮನುಷ್ಯರನ್ನ ನೋಡಿದ್ದೇವೆ. 2019ರ ಫೆಬ್ರವರಿಯಲ್ಲಿ ಒಂದು ವಿಡಿಯೋ ಊರೆಲ್ಲ ಹರಡಿತು. ಗಜಶಾಲೆಯ ಹಿಂಭಾಗದ ವಿಷ್ಣು ದೇವಾಲಯದ ಹತ್ತಿರ ಯುವಕರು ಕಂಬವೊಂದನ್ನ ತಳ್ಳಿ ತಳ್ಳಿ ಉರುಳಿಸಿದ್ದರು. ಅದನ್ನ ಮೊಬೈಲಿನಲ್ಲಿ ಹಿಡಿದದ್ದೂ ಅವರ ಜೊತೆಯವರೇ. ನಾಲ್ವರು ಸಿಕ್ಕಿಬಿದ್ದರು. ಹೊಸಪೇಟೆಯ ನ್ಯಾಯಾಲಯ ತಲಾ 70,000 ರೂಪಾಯಿ ದಂಡ ಹಾಕಿ, ಬಿದ್ದ ಕಂಬವನ್ನ ಅವರ ಕೈಯಿಂದಲೇ ಎತ್ತಿ ನಿಲ್ಲಿಸೋಕೆ ಹೇಳಿತು. ಪುರಾತತ್ವ ಇಲಾಖೆಯವರು ಮುಂದೆ ನಿಂತು ಆ ಕೆಲಸ ಮಾಡಿಸಿದರು. ತೀರ್ಪು ಓದಿ ಬಹಳ ಜನ 'ಭೇಷ್' ಅಂದರು, ನಾನೂ ಅಂದೆ.

ಆಗ ನಾವು ಆ ಹುಡುಗರಿಗೆ ಏನಂದೆವು? 'ಕಪಿಗಳು!' ಇಂಗ್ಲಿಷ್ ಪತ್ರಿಕೆಗಳು 'ವ್ಯಾಂಡಲಿಸಂ' ಅಂದವು. ಅದರ ಕತೆಯೂ ಹೀಗೇ. ಕ್ರಿ.ಶ. 455ರಲ್ಲಿ ರೋಮ್ ನಗರವನ್ನ ದೋಚಿದ ವ್ಯಾಂಡಲರೆಂಬ ಜನಾಂಗದ ಹೆಸರು ಅದು. 1794ರಲ್ಲಿ ಫ್ರಾನ್ಸಿನ ಕ್ರಾಂತಿಯಲ್ಲಿ ಕಲಾಕೃತಿಗಳು ಪುಡಿಯಾಗುತ್ತಿದ್ದಾಗ ಗ್ರೆಗ್ವಾರ್ ಎಂಬ ಪಾದ್ರಿ ಈ ಪದವನ್ನ ಚಲಾವಣೆಗೆ ತಂದರು. ಒಡೆಯುತ್ತಿದ್ದವರು ಫ್ರೆಂಚರೇ, ಹೆಸರು ಕೆಟ್ಟದ್ದು ಸಾವಿರಕ್ಕೂ ಹೆಚ್ಚು ವರ್ಷ ಹಿಂದಿನ ವ್ಯಾಂಡಲರದ್ದು.

ಇನ್ನು ಆ ಎರಡನೆಯ ಅರ್ಥ, ಕಳ್ಳ ವ್ಯವಹಾರ. ಅದಕ್ಕೆ ಹೊಸಪೇಟೆಯಿಂದ ಸಂಡೂರಿನ ದಾರಿ ಹಿಡಿಯಬೇಕು. ಕುಮಾರಸ್ವಾಮಿ ಗುಡಿ ಇರುವ ಬೆಟ್ಟಸಾಲಿನಲ್ಲಿ ಕಬ್ಬಿಣದ ಅದಿರು. ಪರವಾನಗಿಗಿಂತ ಹೆಚ್ಚು ತೋಡಿದ್ದು, ಲೆಕ್ಕಕ್ಕೆ ಬಾರದೆ ಲಾರಿ ತುಂಬಿ ಸಾಗಿಸಿದ್ದು ನಮ್ಮ ಕಣ್ಣೆದುರೇ ನಡೆಯಿತು. ರಸ್ತೆ, ಮರ, ಮನೆ ಎಲ್ಲ ಕೆಂಪಾಗಿದ್ದ ಆ ವರ್ಷಗಳನ್ನ ಈ ಕಡೆಯವರು ಮರೆಯೋದಿಲ್ಲ. 2011ರ ಜುಲೈನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂತು. ರಾಜ್ಯಕ್ಕಾದ ನಷ್ಟ 16 ಸಾವಿರ ಕೋಟಿ ರೂಪಾಯಿಗೂ ಹೆಚ್ಚು ಅಂತ ಅದರಲ್ಲಿ ಲೆಕ್ಕ ಕೊಟ್ಟಿದ್ದರು. ಅದೇ ತಿಂಗಳು 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಹಿಂದಿಯಲ್ಲಿ ಇಂಥ ಹಂಚಿಕೆಗೆ 'ಬಂದರ್ ಬಾಂಟ್' ಅಂತಾರೆ, ಅಂದರೆ ಕೋತಿಯ ಪಾಲು. ನಮ್ಮಲ್ಲಿ 'ಮಂಗನ ಕೈಯಲ್ಲಿ ಮಾಣಿಕ್ಯ'. ಪಾಪ, ಇಲ್ಲೂ ಮಂಗವೇ! ಅದು ಮಾಣಿಕ್ಯವನ್ನ ಕಚ್ಚಿ ನೋಡಿ ಎಸೆದೀತು. ಬೆಟ್ಟವನ್ನೇ ತೋಡಿ ಮಾರುವಷ್ಟು ಬುದ್ಧಿ ಅದಕ್ಕಿಲ್ಲ.

ಹೀಗಂತ ಕಂಪ್ಲಿ ಕಡೆಯ ಬಾಳೆ ಬೆಳೆಗಾರರ ಮುಂದೆ ಹೇಳಿದರೆ ಕೋಲು ಹಿಡಿದು ಬಂದಾರು, ಗೊತ್ತು. ತೋಟಕ್ಕೆ ಮಂಗಗಳ ಹಿಂಡು ನುಗ್ಗಿದರೆ ಆಗೋ ನಷ್ಟ ರೈತನಿಗೇ ಗೊತ್ತು, ಎಲ್ಲರೂ ಸುಗ್ರೀವರಾಗೋಕೆ ಆಗೋದಿಲ್ಲ. ಆದರೆ ಕಾಡಿನ ಹಣ್ಣಿನ ಮರ ಕಡಿದವರು ನಾವು. ಗುಡಿ ಮುಂದೆ ಬಿಸ್ಕತ್ತು ಎಸೆದು ಕೈಯಿಂದ ಕಿತ್ತು ತಿನ್ನೋದನ್ನ ಕಲಿಸಿದವರೂ ನಾವೇ.

ನಮ್ಮಲ್ಲಿ ಒಂದು ಗಾದೆ ಇದೆ: ಕೋತಿ ತಾನು ಮೊಸರು ತಿಂದು ಮೇಕೆ ಬಾಯಿಗೆ ಒರೆಸಿತಂತೆ. ಕಪಿಚೇಷ್ಟೆ, ಮಂಕಿ ಬಿಸಿನೆಸ್, ಬಂದರ್ ಬಾಂಟ್, ಎಲ್ಲ ಒಟ್ಟಿಗೆ ಇಟ್ಟು ನೋಡಿದರೆ ಗಾದೆ ತಿರುಗುಮುರುಗಾಗಿದೆ ಅನ್ನಿಸುತ್ತೆ. ಮೊಸರು ತಿಂದವರು ನಾವು, ಒರೆಸಿದ್ದು ಕೋತಿಯ ಬಾಯಿಗೆ.

ಮಕ್ಕಳ ತುಂಟಾಟಕ್ಕೆ ಕಪಿಚೇಷ್ಟೆ ಅನ್ನೋಣ, ಅದರಲ್ಲಿ ಪ್ರೀತಿ ಇದೆ. ಕಂಬ ಉರುಳಿಸೋದಕ್ಕೆ, ಬೆಟ್ಟ ನುಂಗೋದಕ್ಕೆ ಮಾತ್ರ ಆ ಹೆಸರು ಬೇಡ. ಅದು ಮನುಷ್ಯಚೇಷ್ಟೆ. ನಿಮ್ಮ ಊರ ಕಡೆ ಬೇರೆ ಪದ ಇದ್ದರೆ ತಿಳಿಸಿ, ಅದರಲ್ಲಿ ಮಂಗ ಇಲ್ಲದಿದ್ದರೆ ಇನ್ನೂ ಖುಷಿ. :-)