ಸೋಮಾರಿ ಎಂಬ ಪದ, ಸೋಮಾರಿಕಟ್ಟೆ ಎಂಬ ಜಾಗ

ದುಡಿಮೆಗೆ ಮನಸ್ಸು ಕೊಡದವರನ್ನು ಕರೆಯಲು ಕನ್ನಡದಲ್ಲಿರುವ ಪದಗಳಲ್ಲಿ ‘ಆಲಸಿ’ ಸಂಸ್ಕೃತದ ‘ಅಲಸ’ದಿಂದ ಬಂದದ್ದು, ‘ಮೈಗಳ್ಳ’ ಎಂಬುದು ಮೈ ಮತ್ತು ಕಳ್ಳ ಎಂಬ ಅಚ್ಚಗನ್ನಡ ಪದಗಳು ಕೂಡಿ ಆದ ಸಮಾಸ, ಎಂದರೆ ಕೆಲಸಕ್ಕೆ ಸಲ್ಲಬೇಕಾದ ಮೈಯನ್ನೇ ಬಚ್ಚಿಟ್ಟುಕೊಂಡವನು. ‘ಸೋಮಾರಿ’ಯ ನೆಂಟಸ್ತಿಕೆ ಬೇರೆ ಕಡೆಗಿದೆ. ತಮಿಳಿನ ‘ಸೋಂಬೇರಿ’, ತೆಲುಗಿನ ‘ಸೋಮರಿ’ ಇದರ ಒಡಹುಟ್ಟುಗಳಾಗಿದ್ದು, ತಮಿಳಿನ ‘ಸೋಂಬು’ ಎಂಬ ಕ್ರಿಯಾಪದಕ್ಕೆ ಜಡವಾಗಿರು ಎಂಬ ಅರ್ಥದೊಡನೆ ಬಾಡು, ಸೊರಗು ಎಂಬ ಅರ್ಥವೂ ಇರುವುದನ್ನು ನೋಡಿದರೆ, ಈ ಪದದ ಬೇರಿನಲ್ಲಿ ಬೈಗುಳಕ್ಕಿಂತ ಬಳಲಿಕೆಯ ಭಾವವೇ ಹೆಚ್ಚೆನ್ನಬಹುದು. ತೂಕಡಿಕೆಗೆ ಕನ್ನಡದಲ್ಲಿರುವ ‘ಜೋಂಪು’, ಮರಗಟ್ಟಿದ ಕಾಲಿಗೆ ಹೇಳುವ ‘ಜೋಮು’ ಕೂಡ ಧ್ವನಿಯಲ್ಲೂ ಅರ್ಥದಲ್ಲೂ ಇದಕ್ಕೆ ಹತ್ತಿರದವು.

ಗಡಿಯಾಚೆಯ ತಮಿಳಿನ ಒಡನಾಟವಿರುವ ಚಾಮರಾಜನಗರದ ಸೀಮೆಯಲ್ಲಿ ಪದಗಳ ಈ ನೆಂಟಸ್ತಿಕೆ ನಿತ್ಯದ ಅನುಭವ. ನೆರೆಯ ಕೊಳ್ಳೇಗಾಲ 1956ರವರೆಗೆ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಇದೇ ಸೀಮೆಯ ಗುಂಡ್ಲುಪೇಟೆಯಿಂದ ಒಂದು ದಾರಿ ತಮಿಳುನಾಡಿನ ಊಟಿಗೂ ಇನ್ನೊಂದು ಕೇರಳದ ವಯನಾಡಿಗೂ ಕವಲೊಡೆಯುತ್ತದೆ.

ಪದಕ್ಕೆ ಹಳ್ಳಿಗಳಲ್ಲಿ ಒಂದು ನೆಲೆಯೂ ದೊರಕಿತು. ಅರಳಿ ಮತ್ತು ಬೇವನ್ನು ಜೊತೆಯಾಗಿ ನೆಟ್ಟು, ಮದುವೆ ಮಾಡಿಸಿ, ಬುಡಕ್ಕೆ ನಾಗರಕಲ್ಲುಗಳನ್ನು ನಿಲ್ಲಿಸಿ, ಸುತ್ತಲೂ ಚಪ್ಪಡಿ ಹಾಸಿದ ಅರಳಿಕಟ್ಟೆಯು ಪೂಜೆಗೂ ನ್ಯಾಯಪಂಚಾಯಿತಿಗೂ ಸಲ್ಲುವ ಜಾಗವಾಗಿದ್ದರೂ, ಕೆಲಸವಿಲ್ಲದವರು ಹೊತ್ತು ಕಳೆಯುವ ಕಟ್ಟೆಗೆ ಜನರ ಬಾಯಲ್ಲಿ ನಿಂತ ಹೆಸರು ಸೋಮಾರಿಕಟ್ಟೆ. ಕೂತು ಕೂತು ನುಣುಪಾದ ಚಪ್ಪಡಿಯ ಮೇಲೆ ಗೀರಿದ ಹುಲಿ-ಕುರಿ ಆಟದ ಮನೆಗಳು, ಕಾಯಿಗಳಾಗಿ ಹುಣಸೆಬೀಜ ಮತ್ತು ಬೆಣಚುಕಲ್ಲು, ಪಕ್ಕದಲ್ಲಿ ಎಲೆಅಡಿಕೆ: ಕಟ್ಟೆಯ ಸಂಪತ್ತು ಇಷ್ಟೇ. ‘ಸೋಮಾರಿ’ ಎಂಬ ಪದ ಗಂಡು ಹೆಣ್ಣೆನ್ನದೆ ಇಬ್ಬರಿಗೂ ಸಲ್ಲುವುದಾದರೂ ಕಟ್ಟೆ ಗಂಡಸರದ್ದಾಗಿಯೇ ಉಳಿಯಿತು. ನೀರು, ಸೌದೆ, ಕಳೆ ಕೀಳುವ ಕೆಲಸಗಳು ಹೆಂಗಸರಿಗೆ ಅಂಥ ಬಿಡುವನ್ನು ಕೊಟ್ಟಿದ್ದು ಕಡಿಮೆ.

ಆದರೂ ಕಟ್ಟೆಯ ಮೇಲಿದ್ದವರನ್ನೆಲ್ಲ ಈ ಒಂದೇ ಹೆಸರಿನಿಂದ ಅಳೆಯುವುದು ಅನ್ಯಾಯ. ಗುಂಡ್ಲುಪೇಟೆ ಪಶ್ಚಿಮಘಟ್ಟದ ಮಳೆನೆರಳಿನ ಸೀಮೆಯಾದ್ದರಿಂದ ರಾಗಿ, ಜೋಳ, ಹುರುಳಿ ಬೆಳೆಯುವ ಒಣಬೇಸಾಯದಲ್ಲಿ, ಕಣದ ಕೆಲಸ ಮುಗಿದ ಮೇಲೆ ಮುಂಗಾರಿನ ಮೊದಲ ಹದಮಳೆ ಬೀಳುವವರೆಗೆ ಹೊಲ ಕೆಲಸ ಕೇಳುವುದಿಲ್ಲ, ಕೂಲಿಯೂ ಹುಟ್ಟುವುದಿಲ್ಲ. ಆ ತಿಂಗಳುಗಳ ಬಿಡುವು ಮಳೆ ಹೇರಿದ್ದೇ ಹೊರತು ಸ್ವಭಾವದ ದೋಷವಲ್ಲ. ಇದೇ ಸೀಮೆಯವರು ಕೂಲಿ ಅರಸಿ ಗಡಿ ದಾಟಿ ವಯನಾಡಿನ ಕಾಫಿ, ಮೆಣಸಿನ ತೋಟಗಳಿಗೂ ಕೊಡಗಿನ ಎಸ್ಟೇಟುಗಳಿಗೂ ಹೋಗಿ ದುಡಿಯುತ್ತ ಬಂದಿದ್ದಾರೆ.