ಅರ್ಜಿ ಬರೆದವರ ಚರಿತ್ರೆ

ಭದ್ರಾವತಿಯ ಹಳೆಯ ಹೆಸರು ಬೆಂಕಿಪುರ. ಭದ್ರಾ ನದಿಯ ದಂಡೆಯ ಈ ಊರಿನಲ್ಲಿ ಕಬ್ಬಿಣದ ಕಾರ್ಖಾನೆ ಕಟ್ಟುವ ಕೆಲಸ 1918ರಲ್ಲಿ ಶುರುವಾಯಿತು. 1923ರಲ್ಲಿ ಉತ್ಪಾದನೆ ಆರಂಭವಾಯಿತು. ಇದರ ಬೆನ್ನಿಗಿದ್ದವರು ದಿವಾನ್ ಸರ್ ಎಂ. ವಿಶ್ವೇಶ್ವರಯ್ಯ. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟುವಂತೆ ನೋಡಿಕೊಂಡವರೂ ಅವರೇ. ಅಂಥವರ ದಿವಾನಗಿರಿ ಅದೇ 1918ರಲ್ಲಿ ಮುಗಿಯಿತು. ಅದಕ್ಕೆ ಬಹುಮಟ್ಟಿಗೆ ಕಾರಣವಾದದ್ದು ಮಹಾರಾಜರ ಕೈ ಸೇರಿದ ಒಂದು ಮನವಿ.

1917ರಲ್ಲಿ ಹುಟ್ಟಿಕೊಂಡಿದ್ದ ಪ್ರಜಾಮಿತ್ರ ಮಂಡಳಿಯ ನಿಯೋಗ ಮರುವರ್ಷ ನಾಲ್ವಡಿ ಕೃಷ್ಣರಾಜ ಒಡೆಯರನ್ನು ಕಂಡು, ಬ್ರಾಹ್ಮಣೇತರ ಸಮುದಾಯಗಳಿಗೆ ಶಿಕ್ಷಣದಲ್ಲೂ ಸರ್ಕಾರಿ ನೌಕರಿಯಲ್ಲೂ ಪಾಲು ಬೇಕೆಂದು ಕೇಳಿತು. ಮಹಾರಾಜರು ಚೀಫ್ ಕೋರ್ಟಿನ ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ನೇಮಕಕ್ಕೆ ಅರ್ಹತೆಯೊಂದೇ ಅಳತೆಯಾಗಬೇಕು ಎಂದು ನಂಬಿದ್ದ ವಿಶ್ವೇಶ್ವರಯ್ಯನವರು ಇದನ್ನು ಒಪ್ಪದೆ ಹುದ್ದೆಯಿಂದ ಇಳಿದರು. 1919ರಲ್ಲಿ ಬಂದ ಮಿಲ್ಲರ್ ವರದಿ, ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧದಷ್ಟು, ಕೆಳಗಿನ ಹುದ್ದೆಗಳಲ್ಲಿ ಮೂರನೇ ಎರಡರಷ್ಟು ಬ್ರಾಹ್ಮಣೇತರರಿಗೆ ಸಿಗಬೇಕೆಂದಿತು. ಹಿಂದುಳಿದ ಸಮುದಾಯಗಳ ಮಕ್ಕಳಿಗೆ ವಿದ್ಯಾರ್ಥಿವೇತನ, ಹಾಸ್ಟೆಲುಗಳ ಮಾತನ್ನೂ ಎತ್ತಿತು. 1921ರಲ್ಲಿ ಸರ್ಕಾರಿ ಆದೇಶವೂ ಹೊರಬಿತ್ತು.

ವಿಶ್ವೇಶ್ವರಯ್ಯನವರ ಪ್ರಾಮಾಣಿಕತೆಯ ಬಗ್ಗೆ ಎರಡು ಮಾತಿಲ್ಲ. ಆದರೆ ಅರ್ಹತೆ ಸಂಪಾದಿಸುವುದಕ್ಕೂ ದುಡ್ಡು ಬೇಕು, ಬಿಡುವು ಬೇಕು, ತಲೆಮೇಲೊಂದು ಸೂರು ಬೇಕು. ಈ ಸರಳ ಸತ್ಯವನ್ನು ಮಿಲ್ಲರ್ ಸಮಿತಿ ಅವರಿಗಿಂತ ಚೆನ್ನಾಗಿ ಕಂಡಿತ್ತು. ವಿಶ್ವವಿದ್ಯಾಲಯದೊಳಗೆ ಯಾರು ಬರಬೇಕು, ಬಂದವರು ಏನನ್ನು ಓದಬೇಕು, ಅದಕ್ಕೆ ಹಣ ಎಲ್ಲಿಂದ ಎಂಬ ವಾದ ಅಂದು ಶುರುವಾಗಿ ಶಿವಮೊಗ್ಗ, ಭದ್ರಾವತಿಗಳ ಬದುಕಿನಲ್ಲಿ ಇಂದಿಗೂ ಹರಿಯುತ್ತಿದೆ.

ಈ ಹಣದ ಲೆಕ್ಕವನ್ನು ದಿಲ್ಲಿಯಲ್ಲಿ ಕಾಗದದ ಮೇಲಿಟ್ಟು ಕೇಳಿದವರು ಡಾ. ಬಿ.ಆರ್. ಅಂಬೇಡ್ಕರ್. ವಿದ್ಯಾರ್ಥಿವೇತನದ ಬೆಲೆ ಅವರಿಗೆ ಸ್ವಂತ ಬಾಳಿನಿಂದ ಗೊತ್ತಿತ್ತು. 1913ರಲ್ಲಿ ಬರೋಡದ ಸಯಾಜಿರಾವ್ ಗಾಯಕವಾಡರು ತಿಂಗಳಿಗೆ ಹನ್ನೊಂದೂವರೆ ಪೌಂಡಿನಂತೆ ಮೂರು ವರ್ಷ ಕೊಟ್ಟದ್ದರಿಂದಲೇ ಅವರು ಕೊಲಂಬಿಯಾ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದ್ದು. ವೈಸ್‌ರಾಯ್ ಕಾರ್ಯಕಾರಿ ಮಂಡಳಿಯ ಸದಸ್ಯರಾಗಿದ್ದಾಗ, 1942ರ ಅಕ್ಟೋಬರ್ 29ರಂದು, ಪರಿಶಿಷ್ಟ ಜಾತಿಗಳ ಕುಂದುಕೊರತೆಗಳ ಕುರಿತು ಅವರು ಸರ್ಕಾರಕ್ಕೆ ಮನವಿ ಸಲ್ಲಿಸಿದರು. ವಿಜ್ಞಾನ, ತಂತ್ರಜ್ಞಾನ ಓದುವ ಪರಿಶಿಷ್ಟ ಜಾತಿ ವಿದ್ಯಾರ್ಥಿಗಳಿಗೆ ವರ್ಷಕ್ಕೆ 2 ಲಕ್ಷ ರೂಪಾಯಿ, ವಿದೇಶದಲ್ಲಿ ಓದುವವರಿಗೆ 1 ಲಕ್ಷ ಬೇಕೆಂಬುದು ಅದರ ಬೇಡಿಕೆ. ಬನಾರಸ್ ಮತ್ತು ಆಲಿಗಢ ವಿಶ್ವವಿದ್ಯಾಲಯಗಳಿಗೆ ಸರ್ಕಾರ ವರ್ಷವರ್ಷ ಮೂರು ಮೂರು ಲಕ್ಷ ಕೊಡುತ್ತಿರುವಾಗ ಇವರಿಗೇಕೆ ಇಲ್ಲ ಎಂಬುದು ಅವರ ವಾದ. 1944ರಲ್ಲಿ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಜಾರಿಗೆ ಬಂತು. 1948–49ರಲ್ಲಿ ಅದು ಪರಿಶಿಷ್ಟ ಪಂಗಡಗಳಿಗೂ ವಿಸ್ತರಿಸಿತು. ಇಂದು ಹಾಸ್ಟೆಲಿನಲ್ಲಿ ಕೂತು 'ಪೋಸ್ಟ್ ಮೆಟ್ರಿಕ್ ಬಂತಾ?' ಎಂದು ಒಬ್ಬರನ್ನೊಬ್ಬರು ಕೇಳಿಕೊಳ್ಳುವ ಹುಡುಗ ಹುಡುಗಿಯರ ಆ ಮಾತಿನ ಬೇರು ಆ ಮನವಿಯಲ್ಲಿದೆ.

ಶಿವಮೊಗ್ಗ ಜಿಲ್ಲೆಯ ಮಟ್ಟಿಗೆ, ಕಾಲೇಜಿಗೆ ಹೋಗುವ ದಾರಿ ಗದ್ದೆಯ ಬದುವಿನ ಮೇಲೇ ಸಾಗಬೇಕಿತ್ತು. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ದೀವರ ಗೇಣಿದಾರರು ಭೂಮಾಲೀಕರ ವಿರುದ್ಧ ಎದ್ದು ನಿಂತರು. ಶಾಂತವೇರಿ ಗೋಪಾಲಗೌಡರಂಥ ಸಮಾಜವಾದಿಗಳು ಅವರ ಜೊತೆಗಿದ್ದರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. 1974ರ ಭೂಸುಧಾರಣೆ ತಿದ್ದುಪಡಿ ಬಂದ ಮೇಲೆ ಗೇಣಿದಾರನ ಕೈಗೆ ಪಹಣಿ ಬಂತು. ಪಹಣಿ ಇದ್ದ ಮನೆಯ ಮಗ, ಸ್ವಲ್ಪ ತಡವಾಗಿ ಮಗಳು, ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನತ್ತ ಹೆಜ್ಜೆ ಹಾಕಿದರು. ಸ್ವಾತಂತ್ರ್ಯಕ್ಕೂ ಮೊದಲು ಇಂಟರ್‌ಮೀಡಿಯೆಟ್ ಕಾಲೇಜಾಗಿ ಆರಂಭವಾಗಿದ್ದ ಸಹ್ಯಾದ್ರಿಯ ತರಗತಿಗಳಲ್ಲಿ ಕೂರುವವರ ಮುಖಗಳು ಹೀಗೆ ಬದಲಾದವು. 1972ರಲ್ಲಿ ದೇವರಾಜ ಅರಸು ನೇಮಿಸಿದ್ದ ಹಾವನೂರು ಆಯೋಗ 1975ರಲ್ಲಿ ವರದಿ ಕೊಟ್ಟು, ಹಿಂದುಳಿದ ವರ್ಗಗಳ ಸೀಟಿಗೂ ನೌಕರಿಗೂ ಗಟ್ಟಿ ಆಧಾರ ಒದಗಿಸಿತು.

ಭೂಮಿಯೇ ಇಲ್ಲದವರ ಕಥೆ ಬೇರೆ. ಅದು ಭದ್ರಾವತಿಯದು.

ಕಾರ್ಖಾನೆಯ ಊರು ಎಂದರೆ ಹತ್ತು ಕಡೆಯ ಜನ. ಕಬ್ಬಿಣದ ಕಾರ್ಖಾನೆ, 1930ರ ದಶಕದಲ್ಲಿ ಬಂದ ಮೈಸೂರು ಪೇಪರ್ ಮಿಲ್ಸ್ ಇವೆರಡೂ ತಮಿಳು, ತೆಲುಗು, ಉರ್ದು ಮಾತಾಡುವವರನ್ನು ಕನ್ನಡಿಗರ ಪಕ್ಕದಲ್ಲಿ ಶಿಫ್ಟಿಗೆ ನಿಲ್ಲಿಸಿದವು. ಈ ಊರಿನ ಸರ್ ಎಂ. ವಿಶ್ವೇಶ್ವರಯ್ಯ ಹೆಸರಿನ ಸರ್ಕಾರಿ ಕಾಲೇಜಿಗೆ ಕನ್ನಡ ಪಾಠ ಹೇಳಲು ಬಂದವರು ಹರಿಹರದ ಬಿ. ಕೃಷ್ಣಪ್ಪ (1938–1997). 1973ರ ನವೆಂಬರಿನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಎಂದದ್ದಕ್ಕೆ ರಾಜ್ಯವೇ ಹೊತ್ತಿ ಉರಿಯಿತು. ಹಾಸ್ಟೆಲುಗಳಲ್ಲಿದ್ದ ದಲಿತ ವಿದ್ಯಾರ್ಥಿಗಳು ಏಟು ತಿಂದರು, ಮಂತ್ರಿ ರಾಜೀನಾಮೆ ಕೊಟ್ಟರು. ಆ ಏಟುಗಳ ನೆನಪು ಆರುವ ಮೊದಲೇ ಕೃಷ್ಣಪ್ಪ ಮತ್ತು ಗೆಳೆಯರು ದಲಿತ ಸಂಘರ್ಷ ಸಮಿತಿ ಕಟ್ಟಿ ಭದ್ರಾವತಿಯಲ್ಲಿ ನೋಂದಾಯಿಸಿದರು. ಸಮಿತಿಯ ಬ್ಯಾನರು, ಕರಪತ್ರಗಳ ಮೇಲೆ ಕಾಣುವ '47/74–75' ಎಂಬ ಸಂಖ್ಯೆ ಆ ನೋಂದಣಿಯದು. ಸಮಿತಿ ಹಲವು ಬಣಗಳಾದ ಮೇಲೂ ಆ ಸಂಖ್ಯೆಯನ್ನು ಬಿಟ್ಟುಕೊಡಲು ಯಾರೂ ಒಪ್ಪಲಿಲ್ಲ.

1976ರಲ್ಲಿ ದಲಿತ ಲೇಖಕ ಕಲಾವಿದರ ಒಕ್ಕೂಟದ ಮೊದಲ ಸಮ್ಮೇಳನವೂ ಭದ್ರಾವತಿಯಲ್ಲೇ ನಡೆಯಿತು. ಚಳವಳಿ ಎಂದರೆ ರಸ್ತೆಯ ಮೇಲಿನ ಮೆರವಣಿಗೆ ಮಾತ್ರ ಎಂದುಕೊಂಡವರಿಗೆ ಅದರ ಇನ್ನೊಂದು ಮುಖ ಹೊಳೆಯುವುದಿಲ್ಲ. ಸಮಿತಿಯ ಬೇಡಿಕೆಗಳಲ್ಲಿ ಹೆಂಡದ ಬದಲು ವಸತಿ ಶಾಲೆ ಕೊಡಿ ಎಂಬುದಿತ್ತು, ಹಾಸ್ಟೆಲಿನ ಅನ್ನದ ಪ್ರಶ್ನೆ ಇತ್ತು, ವಿದ್ಯಾರ್ಥಿವೇತನದ ಮೊತ್ತದ ಪ್ರಶ್ನೆ ಇತ್ತು. ಜೊತೆಗೆ, ಯಾವುದು ಅಧ್ಯಯನಕ್ಕೆ ಯೋಗ್ಯ ವಿಷಯ ಎಂಬ ಪ್ರಶ್ನೆಯೂ ಇತ್ತು. ದಲಿತ ಕವಿ ಸಿದ್ದಲಿಂಗಯ್ಯ ಗ್ರಾಮದೇವತೆಗಳ ಮೇಲೆ ಪಿಎಚ್‌ಡಿ ಮಾಡಿದ್ದು ಈ ತಲೆಮಾರಿನ ಹಸಿವಿಗೆ ಒಳ್ಳೆಯ ಸಾಕ್ಷಿ. ಸೊರಬ ತಾಲ್ಲೂಕಿನ ಚಂದ್ರಗುತ್ತಿಯ ಬೆತ್ತಲೆ ಸೇವೆಯನ್ನು 1986ರಲ್ಲಿ ಸಮಿತಿ ಎದುರಿಸಿತು, ಕೊನೆಗೆ ಸರ್ಕಾರ ಅದನ್ನು ನಿಷೇಧಿಸಿತು. ಆ ಬಳಿಕ ಇಂಥ ಆಚರಣೆಗಳನ್ನು ನಂಬಿಕೆ ಎಂದು ಬಿಟ್ಟುಬಿಡದೆ ಸಮಾಜಶಾಸ್ತ್ರದ ಕಣ್ಣಿನಿಂದ ನೋಡುವುದು ಅನಿವಾರ್ಯವಾಯಿತು.

1987ರಲ್ಲಿ ಕುವೆಂಪು ವಿಶ್ವವಿದ್ಯಾಲಯ ಬಂತು. ಭದ್ರಾ ಅಣೆಕಟ್ಟು ಕಟ್ಟಿದ ಬಿ.ಆರ್. ಪ್ರಾಜೆಕ್ಟಿನ ಪಕ್ಕದಲ್ಲಿ, ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿ ಅದರ ಜ್ಞಾನಸಹ್ಯಾದ್ರಿ ಆವರಣ. ಅಲ್ಲಿ ಅದಕ್ಕೂ ಮೊದಲು ಇದ್ದದ್ದು ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರ. ಮೊದಲ ಕುಲಪತಿ ಕಾದಂಬರಿಕಾರ ಶಾಂತಿನಾಥ ದೇಸಾಯಿ. ಎಂ.ಎ. ಓದಲು ಮೈಸೂರಿಗೋ ಧಾರವಾಡಕ್ಕೋ ಹೋಗಿ ರೂಮು ಮಾಡಲಾಗದ ಮನೆಗಳಿಗೆ ಇದು ದೊಡ್ಡ ಅನುಕೂಲ. ಭದ್ರಾವತಿಯಿಂದ ಬೆಳಿಗ್ಗೆ ಬಸ್ಸು ಹತ್ತಿ ಸಂಜೆಗೆ ಮನೆ ಸೇರಬಹುದಿತ್ತು. ಕಾರ್ಖಾನೆ ಕಾರ್ಮಿಕರ ಮಕ್ಕಳು, ಶಿಕಾರಿಪುರದ ಕಡೆಯ ಲಂಬಾಣಿ ತಾಂಡಾಗಳವರು, ತೀರ್ಥಹಳ್ಳಿ ಕಡೆಯ ಹಸಲರು, ಇವರಲ್ಲಿ ಅನೇಕರಿಗೆ ಸ್ನಾತಕೋತ್ತರ ಪದವಿ ಎಂಬುದು ಕೈಗೆಟುಕುವ ದೂರಕ್ಕೆ ಬಂತು.

ಆದರೆ ಎಂ.ಎ. ಮುಗಿಸಿದ ಮೇಲೆ? ಸಂಶೋಧನೆ ಎಂದರೆ ಐದಾರು ವರ್ಷ ಸಂಬಳವಿಲ್ಲದ ದುಡಿಮೆ. ಮನೆಗೆ ದುಡ್ಡು ಕಳಿಸಬೇಕಾದ ಹಿರಿಯ ಮಗನಿಗೆ, 'ಇನ್ನೂ ಎಷ್ಟು ವರ್ಷ ಓದ್ತೀಯಮ್ಮಾ' ಎಂದು ಕೇಳಿಸಿಕೊಳ್ಳುವ ಮಗಳಿಗೆ ಅದು ಆಗಿಬರುವ ಮಾತಲ್ಲ. 1984ರಿಂದ ನಡೆಯುತ್ತಿದ್ದ ರಾಷ್ಟ್ರೀಯ ಅರ್ಹತಾ ಪರೀಕ್ಷೆಯಲ್ಲಿ (ನೆಟ್) ಕಿರಿಯ ಸಂಶೋಧನಾ ಫೆಲೋಶಿಪ್ (ಜೆಆರ್‌ಎಫ್) ಗೆದ್ದವರು ಬೆರಳೆಣಿಕೆಯಷ್ಟು. 2005–06ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ಮೂಲಕ ರಾಜೀವ್ ಗಾಂಧಿ ರಾಷ್ಟ್ರೀಯ ಫೆಲೋಶಿಪ್ ಶುರುವಾದಾಗ ಬಾಗಿಲು ತೆರೆದದ್ದು ಈ ಹಿನ್ನೆಲೆಯಲ್ಲಿ. ದೇಶಕ್ಕೆಲ್ಲ ವರ್ಷಕ್ಕೆ ಪರಿಶಿಷ್ಟ ಜಾತಿಗೆ 1,333, ಪರಿಶಿಷ್ಟ ಪಂಗಡಕ್ಕೆ 667 ಫೆಲೋಶಿಪ್‌ಗಳು, ರಾಜ್ಯವಾರು ಜನಸಂಖ್ಯೆಗೆ ತಕ್ಕಂತೆ ಹಂಚಿಕೆ. ನೆಟ್ ಪಾಸಾಗಿರಬೇಕೆಂಬ ಷರತ್ತು ಇರಲಿಲ್ಲ. ಎಂಫಿಲ್ ಅಥವಾ ಪಿಎಚ್‌ಡಿಗೆ ನೋಂದಣಿ ಆಗಿದ್ದರೆ ಸಾಕಿತ್ತು. ರಾಜ್ಯ ವಿಶ್ವವಿದ್ಯಾಲಯದ ವಿದ್ಯಾರ್ಥಿಗೆ ಇದಕ್ಕಿಂತ ದೊಡ್ಡ ಆಸರೆ ಬೇರೊಂದು ಬಂದಿಲ್ಲ. ಅಲ್ಪಸಂಖ್ಯಾತರಿಗೆ 2009ರಲ್ಲಿ ಮೌಲಾನಾ ಆಜಾದ್ ಫೆಲೋಶಿಪ್ ಬಂತು, ಇತರೆ ಹಿಂದುಳಿದ ವರ್ಗಗಳಿಗೆ 2014–15ರಲ್ಲಿ ವರ್ಷಕ್ಕೆ 300.

ಇಂಥ ಫೆಲೋಶಿಪ್‌ಗೆ ಅರ್ಜಿ ಸಲ್ಲಿಸುವುದೆಂದರೆ ಏನು ಎಂದು ಹತ್ತಿರದಿಂದ ನೋಡಬೇಕು. ನಾಡಕಚೇರಿಯಿಂದ ಆರ್‌ಡಿ ನಂಬರಿರುವ ಜಾತಿ ಪ್ರಮಾಣಪತ್ರ. ಪಿಎಚ್‌ಡಿ ನೋಂದಣಿ ಪತ್ರ. ಗೈಡ್ ಸಹಿ ಮಾಡಿದ ಸಿನಾಪ್ಸಿಸ್. ವಿಭಾಗದ ಮುಖ್ಯಸ್ಥರ ಮುದ್ರೆ, ಕುಲಸಚಿವರ ಮುದ್ರೆ. ಇಷ್ಟಾಗಿ ಆಯ್ಕೆಪಟ್ಟಿಯಲ್ಲಿ ಹೆಸರು ಬಂದರೂ ಕೆಲಸ ಮುಗಿಯದು. ಯುಜಿಸಿ ಫೆಲೋಶಿಪ್ ಹಣ ಕೆನರಾ ಬ್ಯಾಂಕ್ ಪೋರ್ಟಲ್ ಮೂಲಕ ಖಾತೆಗೆ ಬರುವ ವ್ಯವಸ್ಥೆಯಲ್ಲಿ, ಈ ವಿದ್ಯಾರ್ಥಿ ಈ ತಿಂಗಳು ಸಂಶೋಧನೆ ಮುಂದುವರಿಸಿದ್ದಾನೆ ಎಂದು ವಿಶ್ವವಿದ್ಯಾಲಯದ 'ಮೇಕರ್' ಒಬ್ಬರು ನಮೂದಿಸಬೇಕು, 'ಚೆಕರ್' ಇನ್ನೊಬ್ಬರು ಒಪ್ಪಿಗೆ ಒತ್ತಬೇಕು. ಅವರಲ್ಲೊಬ್ಬರು ರಜೆ ಹಾಕಿದರೆ ಆ ತಿಂಗಳ ಹಣ ಮುಂದಕ್ಕೆ. ಎರಡು ವರ್ಷವಾದ ಮೇಲೆ ಜೆಆರ್‌ಎಫ್‌ನಿಂದ ಹಿರಿಯ ಫೆಲೋಶಿಪ್ಪಿಗೆ (ಎಸ್‌ಆರ್‌ಎಫ್) ಏರಲು ಮತ್ತೆ ಸಮಿತಿ, ಮತ್ತೆ ಕಡತ. ಕಡತ ಮೇಜಿನಿಂದ ಮೇಜಿಗೆ ಸಾಗುವಷ್ಟು ದಿನ ಹಾಸ್ಟೆಲಿನ ಮೆಸ್ ಬಿಲ್ ಕಾಯುವುದಿಲ್ಲ.

ತಡವಾದ ಹಣ ಎಷ್ಟು ಕ್ರೂರವಾಗಬಲ್ಲದು ಎಂಬುದು 2016ರ ಜನವರಿ 17ರಂದು ಇಡೀ ದೇಶಕ್ಕೆ ಗೊತ್ತಾಯಿತು. ಹೈದರಾಬಾದ್ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿ ರೋಹಿತ್ ವೇಮುಲ ಅಂದು ಪ್ರಾಣ ತೊರೆಯುವ ಮುನ್ನ ಬರೆದ ಕೊನೆಯ ಪತ್ರದಲ್ಲೂ ಏಳು ತಿಂಗಳ ಫೆಲೋಶಿಪ್ ಬಾಕಿಯನ್ನು ಲೆಕ್ಕ ಹಾಕಿ, ಅದನ್ನು ಮನೆಯವರಿಗೆ ತಲುಪಿಸಲು ಕೇಳಿಕೊಂಡಿದ್ದರು. ಅದಕ್ಕೆ ಕೆಲವೇ ತಿಂಗಳ ಹಿಂದೆ, 2015ರ ಅಕ್ಟೋಬರಿನಲ್ಲಿ, ನೆಟ್ ಇಲ್ಲದವರಿಗೆ ಕೊಡುತ್ತಿದ್ದ ತಿಂಗಳಿಗೆ 8,000 ರೂಪಾಯಿಯ ಫೆಲೋಶಿಪ್ ನಿಲ್ಲಿಸಲು ಯುಜಿಸಿ ಮುಂದಾದಾಗ ದಿಲ್ಲಿಯಲ್ಲಿ ವಿದ್ಯಾರ್ಥಿಗಳು ಅದರ ಕಚೇರಿಯ ಎದುರು ಬೀಡುಬಿಟ್ಟಿದ್ದರು. ಹೋರಾಟ ಫಲ ಕೊಟ್ಟಿತು. ಆದರೆ ಆ ಹಣ ಮುಖ್ಯವಾಗಿ ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ ಸೀಮಿತ. ಶಂಕರಘಟ್ಟದಂಥ ರಾಜ್ಯ ವಿಶ್ವವಿದ್ಯಾಲಯದ ವಿದ್ಯಾರ್ಥಿಗೆ ಅದು ಎಂದೂ ಸಿಕ್ಕಿರಲಿಲ್ಲ.

ಮುಂದೆ ಪರಿಶಿಷ್ಟ ಜಾತಿಯವರ ಫೆಲೋಶಿಪ್‌ಗೂ ನೆಟ್ ಕಡ್ಡಾಯವಾಯಿತು. 2022ರ ಡಿಸೆಂಬರಿನಲ್ಲಿ ಮೌಲಾನಾ ಆಜಾದ್ ಫೆಲೋಶಿಪ್ ನಿಲ್ಲಿಸಿರುವುದಾಗಿ ಕೇಂದ್ರ ಸರ್ಕಾರ ಸಂಸತ್ತಿಗೆ ತಿಳಿಸಿತು. 2023ರಿಂದ ಜೆಆರ್‌ಎಫ್ ಮೊತ್ತ ತಿಂಗಳಿಗೆ 37,000 ರೂಪಾಯಿಗೆ ಏರಿದೆ. ಸಿಕ್ಕವರಿಗೆ ಅದು ನೆಮ್ಮದಿ. ಸಿಗದವರಿಗೆ ಅತಿಥಿ ಉಪನ್ಯಾಸಕನ ಕೆಲಸ, ಅದೂ ಸಿಕ್ಕರೆ.

ಶಿಕ್ಷಕರ ಸ್ಥಿತಿಯೂ ಇದಕ್ಕೆ ಹೊರತಲ್ಲ. ಪದವಿ ಕಾಲೇಜಿನ ಉಪನ್ಯಾಸಕರು ಕಿರು ಸಂಶೋಧನಾ ಯೋಜನೆಗೆ ಯುಜಿಸಿಯ ಬೆಂಗಳೂರು ಪ್ರಾದೇಶಿಕ ಕಚೇರಿಗೆ ಅರ್ಜಿ ಹಾಕಿಕೊಳ್ಳುತ್ತಿದ್ದ ಕಾಲವೊಂದಿತ್ತು. ಕಾಲೇಜಿಗೆ ಯುಜಿಸಿ ಕಾಯ್ದೆಯ 12(ಬಿ) ಮಾನ್ಯತೆ ಇಲ್ಲದಿದ್ದರೆ ಅರ್ಜಿಗೆ ಬೆಲೆಯಿರಲಿಲ್ಲ. ಹೊಸದಾಗಿ ತೆರೆದ ಗ್ರಾಮಾಂತರ ಕಾಲೇಜುಗಳಿಗೆ, ಅಂದರೆ ಅಸಮಾನತೆಯ ನಡುವೆಯೇ ಬದುಕುವ ವಿದ್ಯಾರ್ಥಿಗಳಿರುವ ಕಡೆಗೆ, ಆ ಮಾನ್ಯತೆ ಸಿಗುವುದು ತಡ. ಅಸಮಾನತೆ ಕುರಿತ ಸಂಶೋಧನೆಯ ಹಣವೇ ಅಸಮಾನವಾಗಿ ಹಂಚಿಹೋದದ್ದು ಹೀಗೆ.

ಬೇರೆ ದೇಶಗಳಲ್ಲಿ ಇದೇ ಪ್ರಶ್ನೆಗೆ ಇನ್ನೊಂದು ದಾರಿ ಹುಡುಕಿದ್ದಾರೆ. ಬ್ರಿಟನ್ನಿನಲ್ಲಿ 2005ರಿಂದ ಇರುವ ಅಥೀನಾ ಸ್ವಾನ್ ಎಂಬ ಮಾನ್ಯತೆ, ಮಹಿಳೆಯರ ನೇಮಕ, ಬಡ್ತಿಗಳ ಲೆಕ್ಕವನ್ನು ವಿಶ್ವವಿದ್ಯಾಲಯವೇ ಮುಂದಿಡಬೇಕೆನ್ನುತ್ತದೆ. 2011ರಲ್ಲಿ ಅಲ್ಲಿನ ಆರೋಗ್ಯ ಸಂಶೋಧನೆಯ ಹಣವನ್ನೂ ಆ ಮಾನ್ಯತೆಗೆ ಕಟ್ಟಿಹಾಕಿದ ಮೇಲೆ ವಿಭಾಗಗಳು ಚುರುಕಾದವು. ಇದೇ ಮಾದರಿಯಲ್ಲಿ ನಮ್ಮ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ 'ಗತಿ' ಎಂಬ ಪ್ರಾಯೋಗಿಕ ಯೋಜನೆಯನ್ನು 30 ಸಂಸ್ಥೆಗಳಲ್ಲಿ ಶುರುಮಾಡಿತು. ಅದರ ಗಮನ ಲಿಂಗ ಸಮಾನತೆ. ಜಾತಿಯ ಲೆಕ್ಕವನ್ನೂ ಹೀಗೆ ಸಂಸ್ಥೆಯ ಕೊರಳಿಗೇ ಕಟ್ಟುವ ಯೋಜನೆ ಭಾರತಕ್ಕೆ ಅಗತ್ಯ.

ಕರ್ನಾಟಕದಲ್ಲಿ ಅದಕ್ಕೆ ಕಾನೂನಿನ ಬಲ ಇದೆ. 2013ರ ಪರಿಶಿಷ್ಟ ಜಾತಿ ಉಪಯೋಜನೆ, ಬುಡಕಟ್ಟು ಉಪಯೋಜನೆ (ಎಸ್‌ಸಿಎಸ್‌ಪಿ–ಟಿಎಸ್‌ಪಿ) ಕಾಯ್ದೆಯಡಿ ರಾಜ್ಯದ ಅಭಿವೃದ್ಧಿ ಹಣದಲ್ಲಿ ಶೇಕಡಾ 24.1 ಪರಿಶಿಷ್ಟರಿಗಾಗಿ ಮೀಸಲು. ಆ ಹಣದಲ್ಲಿ ವಿಶ್ವವಿದ್ಯಾಲಯಗಳಿಗೆ ಬರುವ ಪಾಲಿನಲ್ಲಿ ಎಷ್ಟು ಸಂಶೋಧನೆಗೆ ಹೋಯಿತು, ಎಷ್ಟು ಕಟ್ಟಡಕ್ಕೆ ಹೋಯಿತು, ಎಷ್ಟು ಜನ ಹೊಲೆಯ, ಮಾದಿಗ, ಲಂಬಾಣಿ, ಹಸಲರ ಹುಡುಗಿಯರು ಪಿಎಚ್‌ಡಿ ಮುಗಿಸಿದರು, ಫೆಲೋಶಿಪ್ ಯಾವ ತಿಂಗಳು ಯಾವ ದಿನ ಖಾತೆಗೆ ಬಂತು, ಈ ಲೆಕ್ಕವನ್ನು ಕುವೆಂಪು ವಿಶ್ವವಿದ್ಯಾಲಯ ವರ್ಷಕ್ಕೊಮ್ಮೆ ಯಾರೂ ಕೇಳದೆಯೇ ಪ್ರಕಟಿಸಬೇಕು. ದಲಿತ ಸಂಘರ್ಷ ಸಮಿತಿ ನೋಂದಣಿಯಾದ ತಾಲ್ಲೂಕಿನಲ್ಲೇ ಇರುವ ವಿಶ್ವವಿದ್ಯಾಲಯ ಅದು. ಈ ಕೆಲಸದಲ್ಲಿ ಅದು ರಾಜ್ಯಕ್ಕೆ ಮೊದಲನೆಯದಾಗಲಿ.