‘ಗೊತ್ತಿಲ್ಲ’ ಎಂದವರಿಗೆ ಸಿಕ್ಕ ಟಿಆರ್‌ಪಿ

ಗುರುವಾರ ಬಂತೆಂದರೆ ನಮ್ಮಂಥ ಟಿವಿಯವರ ಎದೆ ಡವಡವ ಅನ್ನುತ್ತೆ. ಅವತ್ತು ಟಿಆರ್‌ಪಿ ಬರೋ ದಿನ. ವಿಜ್ಞಾನಿಗಳಿಗೂ ಇಂಥದ್ದೇ ಒಂದು ಟಿಆರ್‌ಪಿ ಇದೆ, ಗೊತ್ತಾ? ಅದಕ್ಕೆ ಸೈಟೇಷನ್ ಅಂತಾರೆ. ಒಬ್ಬರ ಸಂಶೋಧನಾ ಲೇಖನವನ್ನು ಬೇರೆಯವರು ತಮ್ಮ ಎಷ್ಟು ಲೇಖನಗಳಲ್ಲಿ ಉಲ್ಲೇಖಿಸಿದರು ಎಂಬ ಲೆಕ್ಕ. ನೂರು ದಾಟಿದರೆ ವಿಜ್ಞಾನಿ ಹೆಮ್ಮೆಪಡಬಹುದು. 1973ರಲ್ಲಿ ಬಂದ ಒಂದು ಲೇಖನ 10,000 ದಾಟಿದೆ. ಅದನ್ನು ಬರೆದವರು ಇಬ್ಬರು ಸೋವಿಯತ್ ತರುಣರು: ನಿಕೊಲಾಯ್ ಶಕುರಾ ಮತ್ತು ರಶೀದ್ ಸುನ್ಯಾಯೆವ್.

ಸುನ್ಯಾಯೆವ್ ಹುಟ್ಟಿದ್ದು 1943ರಲ್ಲಿ, ತಾಷ್ಕೆಂಟ್‌ನಲ್ಲಿ. ಹೌದು, ನಮ್ಮ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಕೊನೆಯುಸಿರೆಳೆದ ಅದೇ ಊರು. ಓದಲು ಮಾಸ್ಕೋಗೆ ಹೋದ ಹುಡುಗನಿಗೆ ಸಿಕ್ಕ ಗುರು ಯಾಕೊವ್ ಜೆಲ್ಡೊವಿಚ್. ಈ ಜೆಲ್ಡೊವಿಚ್ ಸಾಮಾನ್ಯ ಮನುಷ್ಯರಲ್ಲ. ಕಾಲೇಜು ಡಿಗ್ರಿ ಇಲ್ಲದೆಯೇ ಡಾಕ್ಟರೇಟ್ ಪಡೆದವರು, ಸೋವಿಯತ್ ಅಣುಬಾಂಬ್ ಯೋಜನೆಯಲ್ಲಿ ದುಡಿದು ಆಮೇಲೆ ಆಕಾಶದ ಕಡೆ ಮುಖ ಮಾಡಿದವರು.

1970ರ ಡಿಸೆಂಬರ್‌ನಲ್ಲಿ ಅಮೆರಿಕ ‘ಉಹುರು’ ಎಂಬ ಉಪಗ್ರಹ ಹಾರಿಸಿತು. ಆಕಾಶದಲ್ಲಿ ಎಕ್ಸ್-ರೇ ಸೂಸುವ ಕಾಯಗಳನ್ನು ಅದು ಸಾಲುಸಾಲಾಗಿ ಪತ್ತೆ ಹಚ್ಚಿತು. ಅವುಗಳಲ್ಲಿ ಕೆಲವು ಕಪ್ಪುಕುಳಿಗಳೇ ಇರಬಹುದಾ? ಕಪ್ಪುಕುಳಿ ಬೆಳಕನ್ನೂ ಬಿಡೋದಿಲ್ಲ. ಹಾಗಾದರೆ ಈ ಎಕ್ಸ್-ರೇ ಬಂದದ್ದು ಎಲ್ಲಿಂದ?

ಉತ್ತರ ಹೀಗಿದೆ. ಕಪ್ಪುಕುಳಿ ತನ್ನ ಜೊತೆಗಾರ ನಕ್ಷತ್ರದ ಅನಿಲವನ್ನು ಸೆಳೆಯುತ್ತೆ. ಆ ಅನಿಲ ನೆಟ್ಟಗೆ ಒಳಗೆ ಬೀಳೋದಿಲ್ಲ. ಹೊಳೆಯ ಸುಳಿಯ ಹಾಗೆ ತಟ್ಟೆಯಾಕಾರದಲ್ಲಿ ಸುತ್ತುತ್ತೆ, ಉಜ್ಜಾಡಿ ಕೋಟಿ ಡಿಗ್ರಿಯಷ್ಟು ಕಾಯುತ್ತೆ, ಎಕ್ಸ್-ರೇ ಕಾರುತ್ತೆ. ಆದರೆ ಲೆಕ್ಕ ಹಾಕಲು ಕೂತಾಗ ಒಂದು ತೊಡಕು. ಮಾಮೂಲಿ ಅನಿಲದಲ್ಲಿ ಇರುವ ಘರ್ಷಣೆ ಇದಕ್ಕೆ ಏನೇನೂ ಸಾಲದು. ಹಾಗಾದರೆ ಅಷ್ಟು ಘರ್ಷಣೆ ಹುಟ್ಟೋದು ಹೇಗೆ? ನಿಖರವಾಗಿ ಯಾರಿಗೂ ಗೊತ್ತಿರಲಿಲ್ಲ.

ಇಬ್ಬರೂ ಏನು ಮಾಡಿದರು ನೋಡಿ. ಗೊತ್ತಿಲ್ಲದ್ದನ್ನೆಲ್ಲ ಒಂದೇ ಒಂದು ಗ್ರೀಕ್ ಅಕ್ಷರದೊಳಗೆ ಇಟ್ಟರು: ಆಲ್ಫಾ. ಇದು ಒಂದಕ್ಕಿಂತ ದೊಡ್ಡದಿರಲಾರದ ಸಂಖ್ಯೆ, ಎಷ್ಟು ಎಂದು ಮುಂದಿನವರು ಕಂಡುಕೊಳ್ಳಲಿ ಎಂದು ಬಿಟ್ಟು, ಉಳಿದ ಲೆಕ್ಕ ಪೂರ್ತಿ ಮಾಡಿದರು. ತಟ್ಟೆಯ ಬಿಸಿ ಎಷ್ಟು, ಹೊಳಪು ಎಷ್ಟು, ದಪ್ಪ ಎಷ್ಟು, ಎಲ್ಲ ಬಂತು. ಅಂದಿನಿಂದ ಕಪ್ಪುಕುಳಿಯ ತಟ್ಟೆಯ ಬಗ್ಗೆ ಬರೆಯುವವರು ಈ ಲೇಖನ ಮುಟ್ಟದೆ ಮುಂದೆ ಹೋಗುವುದು ಕಷ್ಟ.

ಆಲ್ಫಾದ ಒಳಗಿದ್ದ ಗುಟ್ಟು ತಿಳಿಯಲು 18 ವರ್ಷ ಬೇಕಾಯಿತು. 1991ರಲ್ಲಿ ಸ್ಟೀವನ್ ಬಾಲ್ಬಸ್ ಮತ್ತು ಜಾನ್ ಹಾಲಿ, ದುರ್ಬಲವಾದ ಕಾಂತಕ್ಷೇತ್ರವೂ ಸುತ್ತುವ ಅನಿಲವನ್ನು ಕದಡಿಬಿಡುತ್ತೆ ಎಂದು ತೋರಿಸಿದರು. ತಮಾಷೆ ಏನೆಂದರೆ, ಈ ಕದಡುವಿಕೆಯ ಗಣಿತ 1959ರಲ್ಲಿ ಸೋವಿಯತ್ತಿನ ವೆಲಿಖೋವ್ ಬಳಿ ಇತ್ತು, 1960ರಲ್ಲಿ ನಮ್ಮ ಸುಬ್ರಹ್ಮಣ್ಯನ್ ಚಂದ್ರಶೇಖರ್ ಬಳಿಯೂ ಇತ್ತು. ಕಪ್ಪುಕುಳಿಯ ತಟ್ಟೆಗೆ ಅದು ಬೇಕಾಗುತ್ತೆ ಎಂದು ಮೂರು ದಶಕ ಯಾರಿಗೂ ಹೊಳೆಯಲಿಲ್ಲ. ಅಷ್ಟು ಕಾಲ ಆ ಗಣಿತಕ್ಕೆ ಬೆಲೆ ಇರಲಿಲ್ಲವೇ? ಇತ್ತು. ಕೇಳುವವರು ಇರಲಿಲ್ಲ, ಅಷ್ಟೇ.

ಸುನ್ಯಾಯೆವ್ ಅವರ ಇನ್ನೊಂದು ದೊಡ್ಡ ಕೆಲಸಕ್ಕೂ ಇದೇ ಹಣೆಬರಹ. ವಿಶ್ವ ಹುಟ್ಟಿದ ಕಾಲದ ಮಂದ ಬೆಳಕು ಗೆಲಾಕ್ಸಿ ಗುಂಪುಗಳ ಬಿಸಿ ಅನಿಲದೊಳಗೆ ಹಾದಾಗ ಒಂದು ಸಣ್ಣ ನೆರಳಿನಂಥ ಗುರುತು ಬೀಳುತ್ತೆ ಎಂದು ಗುರುಶಿಷ್ಯರು 1970ರ ಆಸುಪಾಸಿನಲ್ಲೇ ಹೇಳಿದ್ದರು. ಅಷ್ಟು ಸಣ್ಣದನ್ನು ಅಳೆಯೋದು ಯಾರು? ಎಷ್ಟೋ ವರ್ಷ ಅದು ಕಾಗದದಲ್ಲೇ ಉಳಿಯಿತು. 2009ರಲ್ಲಿ ಹಾರಿದ ಯುರೋಪಿನ ಪ್ಲಾಂಕ್ ಉಪಗ್ರಹ ಇದೇ ಗುರುತು ಹಿಡಿದು 1,000ಕ್ಕೂ ಹೆಚ್ಚು ಗೆಲಾಕ್ಸಿ ಗುಂಪುಗಳ ಪಟ್ಟಿ ಕೊಟ್ಟಿತು.

ಸೋವಿಯತ್ ಒಕ್ಕೂಟ ಒಡೆದ ಮೇಲೆ ಸುನ್ಯಾಯೆವ್ ಒಂದು ಕಾಲು ಮಾಸ್ಕೋದಲ್ಲಿ, ಇನ್ನೊಂದು ಕಾಲು ಜರ್ಮನಿಯಲ್ಲಿ ಇಟ್ಟು ಕೆಲಸ ಮಾಡಿದರು. ಎರಡೂ ದೇಶಗಳ ಎಕ್ಸ್-ರೇ ದೂರದರ್ಶಕಗಳು ಒಂದೇ ನೌಕೆಯಲ್ಲಿ 2019ರ ಜುಲೈನಲ್ಲಿ ಹಾರಿದವು. 2022ರ ಫೆಬ್ರವರಿಯಲ್ಲಿ ರಷ್ಯಾ ಯುಕ್ರೇನ್ ಮೇಲೆ ನುಗ್ಗಿತು. ಎರಡೇ ದಿನಕ್ಕೆ ಜರ್ಮನಿ ತನ್ನ ದೂರದರ್ಶಕದ ಕೆಲಸ ನಿಲ್ಲಿಸಿತು. ಕಣ್ಣು ಚೆನ್ನಾಗಿತ್ತು, ಆಕಾಶವೂ ಅಲ್ಲೇ ಇತ್ತು. ಭೂಮಿಯ ಮೇಲಿನ ಜಗಳಕ್ಕೆ ಅದು ರೆಪ್ಪೆ ಮುಚ್ಚಬೇಕಾಯಿತು.

ನಾನಿದನ್ನೆಲ್ಲ ಈಗ ಹೇಳಲು ಕಾರಣವಿದೆ. ನಮ್ಮ ವಿಶ್ವವಿದ್ಯಾಲಯಗಳಲ್ಲೂ ಲೇಖನ ಎಣಿಸಿ ಅಂಕ ಕೊಡುವ ಪದ್ಧತಿ ಬೇರೂರಿದೆ. ಎಣಿಸಿ, ತಪ್ಪಿಲ್ಲ. ಆದರೆ ಎಣಿಸುವವರು ಒಂದು ಮಾತು ನೆನಪಿಡಬೇಕು. ಶಕುರಾ, ಸುನ್ಯಾಯೆವ್ ಅಂಕಕ್ಕೋಸ್ಕರ ಬರೆದಿದ್ದರೆ ಆ ಗೊತ್ತಿಲ್ಲದ ಜಾಗವನ್ನು ಏನಾದರೂ ಹೇಳಿ ಮುಚ್ಚಿಬಿಡಬಹುದಿತ್ತು. ಅವರು ಮುಚ್ಚಲಿಲ್ಲ. ಗುರುತು ಹಾಕಿ, ಬೇರೆಯವರು ಬಂದು ದುಡಿಯಲಿ ಎಂದು ತೆರೆದಿಟ್ಟರು. ಹತ್ತು ಸಾವಿರ ಲೇಖನಗಳು ಬಂದದ್ದು ಆ ತೆರೆದ ಬಾಗಿಲಿನಿಂದ. ನಮ್ಮ ಹುಡುಗ ಹುಡುಗಿಯರಿಗೂ ‘ಇದು ನನಗೆ ಗೊತ್ತಿಲ್ಲ’ ಎಂದು ಬರೆಯುವ ಧೈರ್ಯ ಬರಬೇಕು. ಹಾಗೆ ಬರೆದವರನ್ನು ಕಾಯುವ ತಾಳ್ಮೆ ನಮಗೂ ಇರಬೇಕು.